ಕೆಂಪು ದೀಪಕ್ಕೆ ಗುದ್ದಿದವನು

ನನ್ನ ಮೈದುನನಿಗೆ ಹೆತ್ತವರು ಇಟ್ಟ ಹೆಸರು ಅವನ ಲೈಸೆನ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿಯಲಿಲ್ಲ. ಬೀದಿಗೆಲ್ಲ ಅವನು ಗುದ್ದು. ಅವನ ಕೈಯಲ್ಲಿ ಏಟು ತಿಂದವನೊಬ್ಬ ದೂರು ಕೊಡಲು ಠಾಣೆಗೆ ಹೋಗಿದ್ದನಂತೆ. "ಯಾರಯ್ಯ ಹೊಡೆದಿದ್ದು?" "ಗುದ್ದು ಸಾರ್." "ಗುದ್ದಿದ್ದು ಮುಖ ನೋಡಿದ್ರೆ ಗೊತ್ತಾಗುತ್ತೆ, ಗುದ್ದಿದ್ದು ಯಾರು?" "ಅದೇ ಸಾರ್, ಗುದ್ದು." ಕೊನೆಗೆ ಪೊಲೀಸರೇ ಬೇಸತ್ತು ಅವನನ್ನು ಮನೆಗೆ ಕಳಿಸಿದರು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಮೈದುನನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಮನೆಯಲ್ಲೊಂದು ಹಳೆಯ ರೇಡಿಯೊ ಇತ್ತು. ಹಾಡು ನಡುವೆ ನಿಂತು ಗೊರಗೊರ ಶುರುವಾದರೆ ನನ್ನ ಮಾವ ಎದ್ದು ಹೋಗಿ ಅದರ ನೆತ್ತಿಯ ಮೇಲೊಂದು ಬಿಗಿಯುತ್ತಿದ್ದರು. ಅದು ಮತ್ತೆ ಹಾಡುತ್ತಿತ್ತು. ಮಗ ಎದುರು ಮಾತಾಡಿದರೆ ಅದೇ ಕೈ ಅವನ ನೆತ್ತಿಯ ಮೇಲೂ ಬೀಳುತ್ತಿತ್ತು, ಅವನು ಸುಮ್ಮನಾಗುತ್ತಿದ್ದ. ಒಂದನ್ನು ಹಾಡಿಸುವುದಕ್ಕೆ, ಒಂದರ ಬಾಯಿ ಮುಚ್ಚಿಸುವುದಕ್ಕೆ, ಎರಡಕ್ಕೂ ಮದ್ದು ಒಂದೇ. ಇದನ್ನೇ ನೋಡಿಕೊಂಡು ಬೆಳೆದ ಹುಡುಗ ಬೇರೇನು ಕಲಿತಾನು? ನಲ್ಲಿ ಸೋರಿದರೆ ಗುದ್ದಿದ. ಕಿಟಕಿ ಬಿಗಿಯಾದರೆ ಗುದ್ದಿದ. ಆಟದಲ್ಲಿ ಸೋತರೆ ಗೆದ್ದವನಿಗೆ ಗುದ್ದಿದ.

"ಅತ್ತಿಗೆ, ನೀವು ಸುಮ್ನೆ ತಲೆ ಕೆಡಿಸ್ಕೋತೀರ. ಒಂದು ಬಿಟ್ರೆ ಎಲ್ಲಾ ದಾರಿಗೆ ಬರುತ್ತೆ" ಅನ್ನುತ್ತಿದ್ದ.

ಹತ್ತರಲ್ಲಿ ಆರೇಳು ಸಲ ಬರುತ್ತಲೂ ಇತ್ತು. ಅವನ ಗ್ರಹಚಾರ ಇದ್ದದ್ದೇ ಅಲ್ಲಿ.

ಅವನಿಗೆ ಮದುವೆಯಾಯಿತು. ನನ್ನ ಓರಗಿತ್ತಿ ಬಾಯಿ ತುಂಬ ಮಾತಿನ ಹೆಣ್ಣು. ಪಾತ್ರೆ ತೊಳೆಯುತ್ತ ಪಾತ್ರೆಯ ಜೊತೆಗೂ ಮಾತಾಡುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ನಡುವೆ ಒಂದೇ ಗೋಡೆ. ಆ ಗೋಡೆಯಾಚೆ ಅವಳ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋದದ್ದನ್ನು ಕೇಳಿಸಿಕೊಂಡೇ ಇದ್ದೆ. ಒಂದು ಭಾನುವಾರ ಉಪ್ಪು ಕಡಿಮೆಯೆಂದೋ ಹೆಚ್ಚೆಂದೋ ಅವನ ಬಲಗೈ ಅವಳ ಎಡಗೆನ್ನೆಗೆ ಬಿತ್ತು. ಕಿವಿಯಿಂದ ಕತ್ತಿನವರೆಗೆ ರಕ್ತ ಇಳಿದಿತ್ತು. ನಾನೇ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಕಿವಿ ಹೋಯಿತು. ಆಮೇಲೆ ಅವಳ ಎಡಕ್ಕೆ ಕೂತು ಏನು ಹೇಳಿದರೂ ಅದು ಗೋಡೆಗೆ ಹೇಳಿದ ಹಾಗೆಯೇ.

ನಾವಿಬ್ಬರೂ ಗುಡ್ಡದ ಮೇಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ನಾನು ಮಡಚುವ ಮೇಜಿನ ಬಳಿ, ಅವಳು ಬಟ್ಟೆ ಹಿಂಡುವ ಮೆಷಿನ್ನಿನ ಬಳಿ. ಎರಡು ದಪ್ಪ ಉರುಳೆಗಳ ನಡುವೆ ಒದ್ದೆ ಬಟ್ಟೆ ತೂರಿಸಬೇಕು. ಉರುಳೆ ತಿರುಗುವ ಮುಂಚೆ ಒಂದು ಗಂಟೆ ಬಾರಿಸುತ್ತದೆ, ಆಗ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಗಂಟೆ ಕೇಳದವರಿಗೆ ಅಲ್ಲಿ ಕೆಲಸವಿಲ್ಲ. ಕೊಟ್ಟರೂ ಕೈ ಉಳಿಯುವುದಿಲ್ಲ. ಓರಗಿತ್ತಿ ಒಂದೇ ಕಿವಿಯಲ್ಲಿ ಆ ಕೆಲಸ ಉಳಿಸಿಕೊಂಡಿದ್ದಳು. ಮೇಲ್ವಿಚಾರಕ ಹತ್ತಿರ ಬಂದಾಗಲೆಲ್ಲ ಬಲಗಡೆಯನ್ನೇ ಅವನಿಗೆ ತಿರುಗಿಸಿ ನಿಲ್ಲುತ್ತಿದ್ದಳು.

ಅದೇ ಹೊತ್ತಿಗೆ ಗುದ್ದು ಒಂದು ಹಳೆಯ ಕಾರು ತಂದ. ಹಿಂದೆ ಎರಡು ಸಾಲು ಸೀಟಿನ ಉದ್ದನೆಯ ಕಾರು. ಮೊದಲಿನ ಒಡೆಯ ಅದನ್ನು ಹೆತ್ತ ಮಗುವಿನಂತೆ ನೋಡಿಕೊಂಡಿದ್ದ ಮುದುಕ. ಕೀಲಿ ಕೊಡುವಾಗ ಗಾಡಿಯ ಬೆನ್ನು ಸವರುತ್ತ ಹೇಳಿದ: "ನೋಡಪ್ಪ, ಬೆಳಿಗ್ಗೆ ಎದ್ದು ಒಂದು ಸಲ ಬಾನೆಟ್ ಎತ್ತಿ ನೋಡು. ನೀರು, ಆಯಿಲ್, ಬೆಲ್ಟು. ಕೆಳಗೆ ಬಗ್ಗಿ ಏನಾದ್ರೂ ತೊಟ್ಟಿಕ್ಕಿದೆಯಾ ನೋಡು. ಟೈಮಿಗೆ ಸರಿಯಾಗಿ ಸರ್ವೀಸ್ ಮಾಡಿಸು. ನಿನ್ನನ್ನ ಎಂದೂ ನಡುದಾರೀಲಿ ಕೈ ಬಿಡಲ್ಲ."

"ಕಾರು ಕೊಡ್ತಿದ್ದೀರೋ, ಮಗಳನ್ನ ಕೊಡ್ತಿದ್ದೀರೋ ತಾತ?" ಎಂದು ಗುದ್ದು ನಕ್ಕ. ಮುದುಕ ನಗಲಿಲ್ಲ.

ಲಾಂಡ್ರಿಯ ಹೆಂಗಸರನ್ನು ಬೆಳಿಗ್ಗೆ ಗುಡ್ಡ ಹತ್ತಿಸಿ ಸಂಜೆ ಇಳಿಸುವ ಕೆಲಸ ಅವನಿಗೆ ಸಿಕ್ಕಿತು. ಮುಂದಿನ ಸೀಟಿನಲ್ಲಿ ಓರಗಿತ್ತಿ. ಹಿಂದೆ ನಾನು, ಇಸ್ತ್ರಿ ಮಾಡುತ್ತಿದ್ದವಳು, ಗಂಟು ಕಟ್ಟುತ್ತಿದ್ದವಳು. ಇಸ್ತ್ರಿಯವಳದು ಗಂಡಸಿನ ತೋಳು, ಗಂಡಸಿಗಿಂತ ಹರಿತ ನಾಲಗೆ. ಗಂಟಿನವಳು ಸಣಕಲು ಹೆಣ್ಣು, ಗಾಡಿ ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದಳು. ಅವಳ ತಲೆ ಯಾವಾಗಲೂ ನನ್ನ ಹೆಗಲ ಮೇಲೆ.

ಮುದುಕ ಸಾಕಿದ್ದ ಗಾಡಿ ನಮ್ಮ ಗುದ್ದುವಿನ ಕೈಯಲ್ಲಿ ಏನಾಯಿತೆಂದು ಕೇಳಬೇಡಿ. ಬಾನೆಟ್ ಎತ್ತುವುದು ಗಾಡಿ ನಿಂತಾಗ ಮಾತ್ರ ಅನ್ನುವುದು ಅವನ ಲೆಕ್ಕ. "ಓಡ್ತಾ ಇದೆಯಲ್ಲ! ಓಡೋ ಗಾಡಿಗೆ ಯಾಕೆ ಕೈ ಹಾಕ್ಬೇಕು?" ಇಂಜಿನ್ ಆಯಿಲ್ ರಸ್ತೆಗೆ ಸುರಿಯುವ ಟಾರಿನಂತಾಯಿತು. ಟೈರು ನನ್ನ ಹಿಮ್ಮಡಿಗಿಂತ ನುಣ್ಣಗಾಯಿತು. ಹ್ಯಾಂಡ್ ಬ್ರೇಕಿನ ತಂತಿ ಎಂದೋ ಹರಿದಿತ್ತು. ಗಾಡಿ ನಿಲ್ಲಿಸಿದಾಗ ಚಕ್ರದಡಿ ಕಲ್ಲಿಡುತ್ತಿದ್ದ. ಸ್ಟಾರ್ಟ್ ಆಗದಿದ್ದರೆ ಬಾನೆಟ್ಟಿನೊಳಗೆ ಸ್ಪ್ಯಾನರ್ ತೂರಿಸಿ ಯಾವುದಕ್ಕೋ ನಾಲ್ಕು ಬಾರಿಸುತ್ತಿದ್ದ, ಆಗುತ್ತಿತ್ತು. ಹಿಂದಿನ ಬಾಗಿಲು ಕಚ್ಚಿಕೊಂಡರೆ ಒದೆಯುತ್ತಿದ್ದ. ಹಾಗೊಮ್ಮೆ ಒದ್ದಾಗ ಬಾಗಿಲು ತೆರೆದ ರಭಸಕ್ಕೆ ಗಂಟಿನವಳ ಮೂಗು ಒಡೆದು, ಆವತ್ತು ನಮ್ಮ ಬಿಳಿ ಬೆಡ್‌ಶೀಟೊಂದು ಕೆಂಪಾಯಿತು.

"ನೋಡಿ ಹತ್ಬಾರ್ದಾ?" ಎಂದು ಅವನು ಅವಳ ಮೇಲೆಯೇ ರೇಗಿದ.

ಹಿಂದಿನ ದೀಪ ಉರಿಯದೆ ಒಂದು ಲಾರಿ ಬಂದು ತಾಗಿದ ದಿನ ಲಾರಿಯವನನ್ನು ಕೆಳಗಿಳಿಸಿ ನಡುಬೀದಿಯಲ್ಲಿ ತದುಕಿದ. ಲಾರಿಯವನು ಬಾಯಲ್ಲಿ ರಕ್ತ ತುಂಬಿಕೊಂಡು, "ದೀಪ ಇಲ್ಲದ ಗಾಡಿ ನಿಂದು, ಹಲ್ಲು ಹೋಗಿದ್ದು ನಂದಾ?" ಎಂದು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನ್ಯಾಯವಾದ ಪ್ರಶ್ನೆ. ಅದಕ್ಕೂ ಒಂದು ಬಿತ್ತು.

ಒಂದು ಬೆಳಿಗ್ಗೆ ಸ್ಟೀರಿಂಗ್ ಹಿಂದಿನ ಗಾಜಿನೊಳಗೆ ಸಣ್ಣದೊಂದು ಕೆಂಪು ದೀಪ ಹತ್ತಿಕೊಂಡಿತು. ಗುಡ್ಡ ಹತ್ತಿದರೂ ಆರಲಿಲ್ಲ.

"ಅದೇನೋ ಕೆಂಪಗೆ ಉರೀತಿದೆಯಲ್ಲ ರೀ" ಎಂದಳು ಓರಗಿತ್ತಿ, ಮೆಲ್ಲಗೆ.

"ಅದಕ್ಕೂ ನಿನ್ನ ಹಾಗೇ ಬಾಯಿ ಜಾಸ್ತಿ."

ಗಾಡಿ ಓಡಿಸುತ್ತಲೇ ಗುದ್ದಿದ. ಒಂದು, ಎರಡು, ಮೂರನೆಯದಕ್ಕೆ ಗಾಜು ಬಿರುಕು ಬಿಟ್ಟು ದೀಪ ಆರಿತು. ಬೆರಳ ಗೆಣ್ಣಿನಿಂದ ರಕ್ತ ಬರುತ್ತಿತ್ತು. ಅದನ್ನು ಹೆಂಡತಿಯ ತೋಳಿನ ಬಟ್ಟೆಗೆ ಒರೆಸಿದ. "ಮುಚ್ಚಿತು ನೋಡು" ಎಂದ. ಹಿಂದೆ ಇಸ್ತ್ರಿಯವಳು ನನ್ನ ಕಡೆ ನೋಡಿದಳು.

ಬೀದಿಯ ತುದಿಯಲ್ಲಿ ಒಂದು ಗ್ಯಾರೇಜಿತ್ತು. ಅದರ ಮೆಕ್ಯಾನಿಕ್‌ಗೆ ಬೆಂಕಿಕಡ್ಡಿ ಎಂದು ಹೆಸರು. ಆಳೂ ಹಾಗೇ ಇದ್ದ, ಬಾಯಲ್ಲೂ ಯಾವಾಗಲೂ ಒಂದು ಬೆಂಕಿಕಡ್ಡಿ ಕಚ್ಚಿಕೊಂಡಿರುತ್ತಿದ್ದ. ಗಾಡಿ ನಿಂತಿದ್ದಾಗ ಅವನು ದಾರಿಯಲ್ಲಿ ಹೋಗುತ್ತ ಒಡೆದ ಗಾಜು ನೋಡಿ ಬಾನೆಟ್ ತೆರೆಸಿದ.

"ಬ್ರೇಕ್ ಆಯಿಲ್ ತಳ ಕಂಡಿದೆಯಲ್ಲೋ. ಆ ಕೆಂಪು ದೀಪ ಹೇಳೋದು ಇದನ್ನೇ. ಎಲ್ಲೋ ಸೋರ್ತಿದೆ. ತಂದು ಬಿಡು, ನೋಡ್ತೀನಿ."

"ಬಿಡ್ತೀನಿ ಬಿಡ್ತೀನಿ."

"ನಾಳೆಯೇ ಬಿಡು. ಅಲ್ಲೀತನಕ ಆಯಿಲ್ ಆದ್ರೂ ಹಾಕು."

ಗುದ್ದು ಗಾಡಿಯನ್ನು ಗ್ಯಾರೇಜಿಗೆ ಬಿಡಲಿಲ್ಲ. ಆಯಿಲ್ ಹಾಕಿದ. ಮನೆಯ ಅಂಗಳದಲ್ಲಿ ಒಂದು ಡಬ್ಬಿಯ ತಳದಲ್ಲಿ ಇಂಜಿನ್ ಆಯಿಲ್ ಉಳಿದಿತ್ತು. ಓರಗಿತ್ತಿಗೆ ಬ್ರೇಕಿನ ಡಬ್ಬಿಯ ಬಾಯಿಗೆ ಆಲಿಕೆ ಹಿಡಿಯಲು ಹೇಳಿದ. ನಾನು ಬಾಗಿಲಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದೆ.

"ಇದು ಇಂಜಿನ್‌ದಲ್ವಾ? ಗ್ಯಾರೇಜಿನವರನ್ನ ಒಂದು ಮಾತು ಕೇಳ್ಕೊಂಡು ಬರೋಣವಾ?" ಎಂದಳು.

"ಆಯಿಲ್ ಅಂದ. ಇದು ಆಯಿಲ್. ಡಬ್ಬಿ ಮೇಲೆ ಏನು ಬರೆದಿದೆ? ಆಯಿಲ್!" ಡಬ್ಬಿಯ ತಳದಿಂದಲೇ ಅವಳ ತಲೆಗೆ ಕುಟ್ಟಿದ. ಆಲಿಕೆ ಅಲುಗಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ಅದಕ್ಕೆ ಇನ್ನೊಂದು.

ಅಂಥ ತಪ್ಪು ನಮ್ಮವರು ಮಾತ್ರ ಮಾಡುವಂಥದ್ದು. ಇಂಜಿನ್ನಿಗೂ ಆಯಿಲ್, ಗೇರಿಗೂ ಆಯಿಲ್, ಬ್ರೇಕಿಗೂ ಆಯಿಲ್, ತಲೆಗೂ ಆಯಿಲ್. ಎಲ್ಲವನ್ನೂ ಒಂದೇ ಹೆಸರು ಹಿಡಿದು ಕರೆದರೆ ಎಲ್ಲವೂ ಒಂದೇ ಅನ್ನಿಸದೆ ಇನ್ನೇನು?

ಮೊದಲು ಒಂದೆರಡು ದಿನ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಗುದ್ದು ಬೆಂಕಿಕಡ್ಡಿಯನ್ನು ಕಂಡಾಗ ಕಿಟಕಿಯಿಂದ ಕೈ ಬೀಸಿ ಹೋದ. ಆಮೇಲೆ ಒಂದು ವಾಸನೆ ಶುರುವಾಯಿತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಮರೆತು ಹೋದರೆ ಬರುವ ವಾಸನೆ. ಗಾಡಿ ಇಳಿಜಾರಿನಲ್ಲೂ ಯಾರೋ ಹಿಂದಕ್ಕೆ ಎಳೆದ ಹಾಗೆ ತಡೆಯುತ್ತಿತ್ತು. ಇಳಿದು ಎಡಗಡೆಯ ಮುಂದಿನ ಚಕ್ರದ ಪಕ್ಕ ನಡೆದರೆ ಕಾಲಿಗೆ ಒಲೆಯ ಝಳ ಬಡಿಯುತ್ತಿತ್ತು.

ಓರಗಿತ್ತಿಯ ಕಿವುಡು ಕಿವಿ ಇದ್ದದ್ದು ಆ ಚಕ್ರದ ಕಡೆಯೇ. ಅವಳಿಗೆ ಸದ್ದು ಕೇಳದಿದ್ದರೂ ಅಂಗಾಲಿಗೆ ತಿಳಿಯಿತು. ಊಟದ ಬಿಡುವಿನಲ್ಲಿ ಬೆಡ್‌ಶೀಟಿನ ಆ ತುದಿ ಅವಳು, ಈ ತುದಿ ನಾನು ಹಿಡಿದು ಮಡಚುತ್ತಿದ್ದಾಗ ಹೇಳಿದಳು:

"ಅಕ್ಕ, ಕಾಲ ಕೆಳಗೆ ಯಾರೋ ಹಲ್ಲು ಕಡಿದ ಹಾಗಾಗುತ್ತೆ. ದಿನಾ ಜಾಸ್ತಿ ಆಗ್ತಿದೆ."

"ಅವನಿಗೆ ಹೇಳು."

ಅವಳು ಬೆಡ್‌ಶೀಟಿನ ತುದಿ ಎದೆಗೊತ್ತಿಕೊಂಡು ನಿಂತಳು. "ಹೇಳಿದ್ರೆ ಈ ಕಿವೀನೂ ಹೋಗುತ್ತೆ. ಇದೊಂದು ಉಳಿದಿದೆ ಅಕ್ಕ. ಇದೂ ಹೋದ್ರೆ ಆ ಗಂಟೆ ಹೇಗೆ ಕೇಳ್ಲಿ? ಮೆಷಿನ್ ಹತ್ರ ನನ್ನ ಯಾರು ನಿಲ್ಲಿಸ್ಕೋತಾರೆ? ಮನೇಲಿ ಕೂತ್ರೆ ಪೂರ್ತಿ ಅವರ ಕೈಯಡಿಗೇ ಬಿದ್ದ ಹಾಗೆ."

ಹೇಳಿದರೆ ಕಿವಿ. ಹೇಳದಿದ್ದರೆ ಗಾಡಿಯಲ್ಲಿ ಕೂತ ನಮ್ಮೆಲ್ಲರ ಜೀವ. ಅವಳು ಇವೆರಡರ ನಡುವೆ ಸಿಕ್ಕಿ ಕೂತದ್ದನ್ನು ನಾನು ಹಿಂದಿನ ಸೀಟಿನಿಂದ ದಿನವೂ ನೋಡುತ್ತಿದ್ದೆ.

ನನ್ನ ಮೇಲೆ ಗುದ್ದು ಎಂದೂ ಕೈ ಮಾಡಿದವನಲ್ಲ. ಅದಕ್ಕೇ ಅವನ ಬಳಿ ನಾನೇ ಮಾತೆತ್ತಿದೆ. "ಏನಪ್ಪಾ, ಗಾಡಿ ಒಂದ್ಸಲ ಬೆಂಕಿಕಡ್ಡಿಗೆ ತೋರಿಸು. ಏನೋ ಸೀದ ವಾಸನೆ."

"ಅತ್ತಿಗೆ, ನೀವು ಬೆಡ್‌ಶೀಟ್ ಮಡಚಿ. ಗಾಡಿ ನನಗೆ ಬಿಡಿ" ಎಂದು ನಕ್ಕು ಹೋದ. ಆ ಸಂಜೆ ಗೋಡೆಯಾಚೆ, "ಅತ್ತಿಗೆ ಹತ್ರ ಚಾಡಿ ಹೇಳ್ತೀಯಾ?" ಅನ್ನುವುದೂ, ಆಮೇಲೆ ಪಾತ್ರೆ ಬಿದ್ದದ್ದೂ, ಅವಳು ಬಿದ್ದದ್ದೂ ಕೇಳಿಸಿತು. ನಾನು ಗೋಡೆ ಬಡಿದೆ. ಅಷ್ಟಕ್ಕೆ ನಿಂತಿತು. ಬೆಳಿಗ್ಗೆ ಅವಳ ತುಟಿ ಊದಿತ್ತು. ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಗಾಡಿ ಹತ್ತಿದಳು.

ಅದೇ ದಿನ ಸಂಜೆ, ಇನ್ನೂ ಬಿಸಿಲಿತ್ತು, ನಾವು ಗುಡ್ಡ ಇಳಿಯುತ್ತಿದ್ದೆವು. ಅರ್ಧ ಇಳಿದಾಗ ಮುಂದಿನ ಚಕ್ರದಿಂದ ಹೊಗೆ ಏಳುವುದು ನನಗೂ ಕಂಡಿತು. ಓರಗಿತ್ತಿ ಕಾಲು ಮೇಲಕ್ಕೆಳೆದುಕೊಂಡಳು. ಅವಳ ಬೆನ್ನು ನೆಟ್ಟಗಾದದ್ದು ನೋಡಿದೆ. ಕಿವಿಯ ಮೇಲಿನ ಕೈಯನ್ನೂ ತೆಗೆದಳು.

"ನಿಲ್ಸಿ ರೀ. ಗಾಡಿ ನಿಲ್ಸಿ. ಬ್ರೇಕು ಸುಡ್ತಿದೆ. ಇವರನ್ನೆಲ್ಲ ಇಳಿಸಿ."

"ಮುಚ್ಚೇ!"

"ಮುಚ್ಚಲ್ಲ. ನಿಲ್ಸಿ!"

ಅವನ ಎಡಗೈ ಸ್ಟೀರಿಂಗ್ ಬಿಟ್ಟು ಅವಳ ಮುಖಕ್ಕೆ ಅಪ್ಪಳಿಸಿತು. ಅವಳು ತಲೆ ತಗ್ಗಿಸಿದ್ದರಿಂದ ಏಟು ಕಿವಿಗೆ ಬೀಳದೆ ಹಣೆಗೆ ಬಿತ್ತು. ಇನ್ನೊಂದಕ್ಕೆ ಕೈ ಎತ್ತಿದ. ಅಷ್ಟರಲ್ಲಿ ತಿರುವು ಬಂತು. ಅವನು ಬ್ರೇಕು ಒತ್ತಿದ. ಪೆಡಲು ಸೀದಾ ನೆಲಕ್ಕೆ ಹೋಯಿತು, ಮೇಲೆ ಬರಲೇ ಇಲ್ಲ. ಒತ್ತಿದ, ಒದ್ದ, ತುಳಿದ. ಒಂದು ಸಲ ಸ್ಟೀರಿಂಗಿಗೂ ಗುದ್ದಿದ. ಗಾಡಿ ಮಾತ್ರ ಬಿಟ್ಟ ಬಾಣದ ಹಾಗೆ ಹೋಗುತ್ತಿತ್ತು. "ಹ್ಯಾಂಡ್ ಬ್ರೇಕ್!" ಎಂದು ಇಸ್ತ್ರಿಯವಳು ಕೂಗಿದಳು. ಆ ಕೋಲು ಅವನ ಕೈಗೆ ಸತ್ತ ಹಾವಿನಂತೆ ಸಡಿಲವಾಗಿ ಬಂತು.

ತಿರುವಿನಲ್ಲಿ ಒಂದು ಬೇಕರಿಯ ಹಿಂಗೋಡೆ. ಅದಕ್ಕೆ ಹೋಗಿ ಬಡಿದೆವು.

ಸದ್ದು ದೊಡ್ಡದಿತ್ತು, ಆದರೆ ನೆನಪಿರುವುದು ಅದಾದ ಮೇಲಿನ ಗಳಿಗೆ. ಇಟ್ಟಿಗೆಯ ಧೂಳು, ಹಿಟ್ಟಿನ ಧೂಳು, ಬಾಯಲ್ಲಿ ರಕ್ತದ ರುಚಿ. ಹಾರ್ನು ಸಿಕ್ಕಿಹಾಕಿಕೊಂಡು ಒಂದೇ ಸಮನೆ ಅರಚುತ್ತಿತ್ತು. ಇಸ್ತ್ರಿಯವಳ ಹೆಗಲ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು. ನಿದ್ದೆಯಲ್ಲಿದ್ದ ಗಂಟಿನವಳು ಮುಂದಿನ ಸೀಟಿಗೆ ಮುಖ ಹೊಡೆದುಕೊಂಡು ಮುಂದಿನ ಹಲ್ಲುಗಳನ್ನು ಅಂಗೈಗೆ ಉಗುಳುತ್ತಿದ್ದಳು. ನನ್ನ ಸೊಂಟ ಹೋಯಿತು. ನಾನು ಇವತ್ತಿಗೂ ಕೋಲು ಹಿಡಿದೇ ನಡೆಯುವುದು. ಗುದ್ದುವಿನ ಬಲಗೈ ಬಾಗಿಲಿಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಅವನು ಅದನ್ನೇ ನೋಡುತ್ತ, ಯಾರದೋ ಕೈ ಎಂಬಂತೆ ಕೂತಿದ್ದ.

ಓರಗಿತ್ತಿಯ ಹಣೆ ಸೀಳಿ ಮುಖವೆಲ್ಲ ಕೆಂಪು. ಅವಳು ಮೆಲ್ಲಗೆ ಕತ್ತು ತಿರುಗಿಸಿ ಬಲಗಿವಿಗೆ ಬೆರಳು ಹಾಕಿ ತೆಗೆದಳು.

"ಹಾರ್ನ್ ಕೇಳಿಸ್ತಿದೆ ಅಕ್ಕ" ಎಂದಳು. "ಕೇಳಿಸ್ತಿದೆ."

ಗಾಡಿಯನ್ನು ಎಳೆದುಕೊಂಡು ಹೋಗಿ ಬೆಂಕಿಕಡ್ಡಿಯ ಗ್ಯಾರೇಜಿನಲ್ಲಿ ನಿಲ್ಲಿಸಿದರು. ಅವನು ಅದನ್ನು ಬಿಚ್ಚುವ ದಿನ ನಾವೂ ಹೋದೆವು. ಯಾಕೆ ಹೀಗಾಯಿತೆಂದು ನಮಗೂ ತಿಳಿಯಬೇಕಿತ್ತು. ಗುದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಂದು ಟೈರಿನ ಮೇಲೆ ಕೂತಿದ್ದ. ಬೆಂಕಿಕಡ್ಡಿ ಬ್ರೇಕಿನ ಡಬ್ಬಿಯೊಳಗೆ ಬೆರಳು ಅದ್ದಿ ಮೂಸಿದ. ಆಮೇಲೆ ಒಳಗಿನ ರಬ್ಬರುಗಳನ್ನು ಒಂದೊಂದಾಗಿ ಕಿತ್ತು ನೆಲದ ಮೇಲಿಟ್ಟ. ನೆನೆಸಿಟ್ಟ ಕಾಳಿನ ಹಾಗೆ ಉಬ್ಬಿದ್ದವು. ಉಬ್ಬಿ ಸಿಕ್ಕಿಕೊಂಡು ಬ್ರೇಕನ್ನು ಬಿಡದೇ ಹಿಡಿದಿದ್ದವು. ಹಿಡಿದು ಹಿಡಿದು ಎಲ್ಲ ಬೆಂದು ಕೊನೆಗೆ ಕೈಕೊಟ್ಟಿದ್ದವು.

"ಇಂಜಿನ್ ಆಯಿಲ್!" ಎಂದ. "ಯಾವ ಪುಣ್ಯಾತ್ಮ ಇದಕ್ಕೆ ಇಂಜಿನ್ ಆಯಿಲ್ ಸುರಿದದ್ದು?"

"ನೀನೇ ತಾನೇ ಆಯಿಲ್ ಹಾಕು ಅಂದಿದ್ದು?" ಎಂದ ಗುದ್ದು.

"ಬ್ರೇಕ್ ಆಯಿಲ್ ಅಂದೆ ಕಣೋ! ಅದು ಹೆಸರಿಗೆ ಆಯಿಲ್, ಎಣ್ಣೆ ಅಲ್ಲವೇ ಅಲ್ಲ. ಎಣ್ಣೆ ಸೋಕಿದ್ರೆ ಇದರ ರಬ್ಬರ್ ಸತ್ತು ಹೋಗುತ್ತೆ." ಮಾತಾಡುತ್ತಲೇ ಅವನಿಗೆ ಏನೋ ಹೊಳೆದಂತಾಯಿತು. ಬಾಯಲ್ಲಿದ್ದ ಕಡ್ಡಿ ತೆಗೆದು ತನ್ನ ಬಾಯಿಗೆ ತಾನೇ ಒಂದು ಬಡಿದುಕೊಂಡ. "ಥೂ, ಈ ಬಾಯಿ! ಆಯಿಲ್ ಆಯಿಲ್ ಅಂತ ಕಲಿಸಿದ್ದೇ ನಾವು. ಹೋಗ್ಲಿ, ಗಾಡಿ ತಂದು ಬಿಡು ಅಂದಿದ್ನಲ್ಲ? ಅದಕ್ಕೇನು ಬೇರೆ ಅರ್ಥ ಇದೆಯಾ?"

ಗುದ್ದು ಸುತ್ತ ನೋಡಿದ. ಜೋಲಿ ಕಟ್ಟಿದ ಕೈಯ ಇಸ್ತ್ರಿಯವಳು, ಬಾಯಿ ಮುಚ್ಚಿಕೊಂಡ ಗಂಟಿನವಳು, ಕೋಲು ಊರಿದ ನಾನು. "ನಾನೆಲ್ಲಿ ಸುರಿದೆ? ಇವಳು ಸುರಿದದ್ದು" ಎಂದು ಹೆಂಡತಿಯತ್ತ ಬೊಟ್ಟು ಮಾಡಿದ.

ಎಲ್ಲರೂ ಅವಳನ್ನು ನೋಡಿದರು. ಅವಳ ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಹೂಂ. ಆಲಿಕೆ ಹಿಡಿದಿದ್ದು ನಾನು" ಎಂದಳು. "ಡಬ್ಬಿ ಹಿಡಿದಿದ್ದು ನೀನು. ಕೇಳ್ಕೊಂಡು ಬರೋಣ ಅಂದ್ರೆ ಅದೇ ಡಬ್ಬೀಲಿ ಕುಟ್ಟಿದ್ದೂ ನೀನು."

ಮದುವೆಯಾದಂದಿನಿಂದ ಅವಳು ಗಂಡನಿಗೆ ನೀವು ಬಿಟ್ಟು ಬೇರೆ ಮಾತಾಡಿದವಳಲ್ಲ. ಆ 'ನೀನು' ಗ್ಯಾರೇಜಿನ ತಗಡಿನ ಮಾಡಿಗೆ ಕಲ್ಲು ಬಿದ್ದಂತೆ ಕೇಳಿಸಿತು. ಗುದ್ದುವಿಗೆ ಗಾಡಿ ಹೋದದ್ದಕ್ಕಿಂತ, ಕೈ ಹೋದದ್ದಕ್ಕಿಂತ, ಅದೇ ಹೆಚ್ಚು ನೋವಾಯಿತೋ ಏನೋ. ಎದ್ದು ಎಡಗೈ ಎತ್ತಿದ.

ಅದು ಕೆಳಗೆ ಬರಲಿಲ್ಲ. ಇಸ್ತ್ರಿಯವಳು ಒಂದೇ ಕೈಯಲ್ಲಿ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದಳು. ಗಂಟಿನವಳು, ಆ ಸಣಕಲು ಹೆಣ್ಣು, ಚಪ್ಪಲಿ ತೆಗೆದುಕೊಂಡು ಅವನ ಬಾಯಿಯನ್ನೇ ಹುಡುಕಿ ಹುಡುಕಿ ಹೊಡೆದಳು. ಹಲ್ಲಿಗೆ ಹಲ್ಲು ಎಂಬ ಲೆಕ್ಕ ಅವಳದು. ನನ್ನ ಕೋಲೂ ಸುಮ್ಮನಿರಲಿಲ್ಲ. ಅವನು ಬಿದ್ದ ಮೇಲೂ ಬಿಡಲಿಲ್ಲ. ಬೆಂಕಿಕಡ್ಡಿ ಸಾಮಾನುಗಳನ್ನು ಆ ಕಡೆಗೆ ಸರಿಸುತ್ತ, "ಹೊಡೀರಮ್ಮ, ಬೇಡ ಅನ್ನಲ್ಲ. ಆ ಗಾಜಿನ ಕಡೆ ಮಾತ್ರ ಉರುಳಿಸ್ಬೇಡಿ, ಬೇರೆಯವರ ಗಾಡೀದು" ಎಂದ.

ಓರಗಿತ್ತಿ ಹೊಡೆಯಲಿಲ್ಲ. ನೆಲದ ಮೇಲಿದ್ದ ಉಬ್ಬಿದ ರಬ್ಬರುಗಳಲ್ಲಿ ಒಂದನ್ನು ಎತ್ತಿಕೊಂಡು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಬೆಂಕಿಕಡ್ಡಿಯನ್ನು ಕೇಳಿದಳು: "ಇದು ಸಾಯೋ ಮುಂಚೆ ಹೇಗೆ ಗೊತ್ತಾಗುತ್ತೆ? ತೋರಿಸಿ ಕೊಡ್ತೀರಾ?"

ಗಾಡಿ ರಿಪೇರಿಯಾಗುವಷ್ಟರಲ್ಲಿ ಅವಳು ಕಲಿತಳು. ಗುದ್ದುವಿನ ಬಲಗೈ ಕೂಡಿಕೊಂಡಿತು, ಎರಡು ಬೆರಳು ಮಾತ್ರ ಮಡಚುತ್ತಿರಲಿಲ್ಲ. ಗುಡ್ಡಕ್ಕೆ ಹೋಗುವ ಬೇರೆ ಗಾಡಿ ಇರಲಿಲ್ಲ, ಓಡಿಸಲು ಬೇರೆ ಯಾರೂ ಬರಲಿಲ್ಲ. ಹೆಂಗಸರು ಕೂತು ಮಾತಾಡಿ ಒಂದು ಕಟ್ಟುಪಾಡು ಮಾಡಿದರು. ಕೀಲಿ ಓರಗಿತ್ತಿಯ ಸೊಂಟದಲ್ಲಿ ಇರಬೇಕು. ಬೆಳಿಗ್ಗೆ ಅವಳು ಗಾಡಿ ನೋಡಿ ಹೂಂ ಅನ್ನಬೇಕು, ಆಮೇಲೆ ಉಳಿದವರು ಹತ್ತಬೇಕು. ಅವಳು ಉಹುಂ ಅಂದರೆ ಗಾಡಿ ಅಲುಗಕೂಡದು. ಗುದ್ದು ಇದನ್ನು ಒಪ್ಪಿದ ಅನ್ನುವುದಕ್ಕಿಂತ, ಒಪ್ಪದೆ ಗತಿಯಿರಲಿಲ್ಲ. ಅವನ ಬಾಯಿಗೆ ಬಿದ್ದ ಚಪ್ಪಲಿಯ ಕಥೆ ಲಾಂಡ್ರಿಯ ತುಂಬ ಹಬ್ಬಿತ್ತು.

ಬೆಳಗಿನ ಆ ನೋಟ ದೊಡ್ಡ ಕೆಲಸವೇನಲ್ಲ. ಹಾಲು ಕಾಯುವಷ್ಟು ಹೊತ್ತು. ಬಾನೆಟ್ ಎತ್ತಿ ನೀರು ನೋಡುವುದು. ಇಂಜಿನ್ನಿನ ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ಆಯಿಲ್ ನೋಡುವುದು. ಬೆಲ್ಟನ್ನು ಬೆರಳಲ್ಲಿ ಮಿಡಿಯುವುದು, ಬಿರುಕಿದ್ದರೆ ಉಗುರಿಗೆ ತಾಗುತ್ತದೆ. ಬ್ರೇಕಿನ ಡಬ್ಬಿಯ ಗೆರೆ ನೋಡುವುದು. ಅದರೊಳಗಿರುವುದನ್ನು ಅವಳು ಆಯಿಲ್ ಅನ್ನಲು ಒಪ್ಪಲಿಲ್ಲ, ಬ್ರೇಕಿನ ರಸ ಎಂದು ಹೆಸರಿಟ್ಟಳು. ಮೊದಲು ನಕ್ಕೆವು, ಆಮೇಲೆ ಎಲ್ಲರ ಬಾಯಲ್ಲೂ ಅದೇ ಆಯಿತು. ಬೆಂಕಿಕಡ್ಡಿಯೂ ಈಗ ಗಿರಾಕಿಗಳಿಗೆ "ರಸ ಕಮ್ಮಿಯಾಗಿದೆ" ಅನ್ನುತ್ತಾನಂತೆ. ಕೆಂಪು ದೀಪಕ್ಕೆ ಹೊಸ ಬಲ್ಬು ಹಾಕಿಸಿದಳು. ಕೊನೆಗೆ ನಿಂತ ಗಾಡಿಯಲ್ಲಿ ಕೂತು ಪೆಡಲು ಒತ್ತಿ ಹಿಡಿಯುವಳು, ಕೆಳಗೆ ಇಳಿಯುತ್ತದೆಯೇ ಎಂದು. ಗುದ್ದು ಅಷ್ಟು ಹೊತ್ತೂ ಬೆನ್ನು ತಿರುಗಿಸಿ ನಿಂತು ಕಲ್ಲು ಒದೆಯುತ್ತಿದ್ದ.

ಒಂದು ಬೆಳಿಗ್ಗೆ ಅವಳು ಎಡಗಡೆಯ ಮುಂದಿನ ಚಕ್ರದ ಒಳಮೈಗೆ ಕೈ ಹಾಕಿ ತೆಗೆದು ಬೆರಳು ಮೂಸಿದಳು. ನಾನು ಲಾಂಡ್ರಿಗೆ ಹೋಗುವುದು ಬಿಟ್ಟು, ಅವರನ್ನು ಕಳಿಸಿಕೊಡಲು ಬಾಗಿಲಲ್ಲಿ ಕೂರುತ್ತಿದ್ದ ಕಾಲ ಅದು.

"ಉಹುಂ. ಬ್ರೇಕಿನ ಪೈಪು ಬಿರುಕು ಬಿಟ್ಟಿದೆ. ರಸ ಒಸರ್ತಿದೆ" ಎಂದಳು.

"ಚೂರು ಒದ್ದೆ ಅಷ್ಟೆ. ಸಂಜೆ ನೋಡೋಣ. ಹತ್ತು" ಎಂದ ಗುದ್ದು.

"ಇಲ್ಲ."

"ಎಲ್ರೂ ಕಾಯ್ತಿದ್ದಾರೆ. ಕೊಡು ಕೀಲಿ!"

"ಕೊಡಲ್ಲ."

ಎಡಗೈ ಬಂತು. ಅದಕ್ಕೆ ಏನೂ ಆಗಿರಲಿಲ್ಲವಲ್ಲ. ಭುಜಕ್ಕೆ ಬಿದ್ದ ಏಟಿಗೆ ಅವಳು ಗಾಡಿಗೆ ತಾಗಿ ನಿಂತಳು. ಇಸ್ತ್ರಿಯವಳು ಮುನ್ನುಗ್ಗುವಷ್ಟರಲ್ಲಿ ಓರಗಿತ್ತಿಯ ಕೈಯಲ್ಲಿದ್ದ ಚಕ್ರ ಬಿಚ್ಚುವ ಸ್ಪ್ಯಾನರ್ ಮೇಲೆದ್ದು ಬಾನೆಟ್ಟಿಗೆ ಅಪ್ಪಳಿಸಿತು. ಬಾನೆಟ್ ಮೇಲಿದ್ದ ಅವನ ಬಲಗೈಯಿಂದ ನಾಲ್ಕು ಬೆರಳಿನ ದೂರ. ತಗಡು ಬಟ್ಟಲಿನಂತೆ ತಗ್ಗಾಯಿತು.

"ಮುಂದಿನದು ಗಾಡಿಗೆ ಬೀಳಲ್ಲ" ಎಂದಳು. "ಜಾಕ್ ತೆಗಿ."

ಅವನು ಸುತ್ತ ನೋಡಿದ. ಯಾರ ಮುಖದಲ್ಲೂ ದಾರಿ ಕಾಣಲಿಲ್ಲ. ಆಮೇಲೆ ಹಿಂದೆ ಹೋಗಿ ಜಾಕ್ ತೆಗೆದ.

ಇಸ್ತ್ರಿಯವಳು ಹೋಗಿ ಬೆಂಕಿಕಡ್ಡಿಯಿಂದ ಹೊಸ ಪೈಪು ತಂದಳು. ಗುದ್ದು ಚಕ್ರ ಬಿಚ್ಚಿ ಪೈಪು ಬದಲಿಸಿದ. ಮಡಚದ ಬೆರಳುಗಳಿಂದ ನಟ್ಟು ಜಾರಿ ಜಾರಿ ಬೀಳುತ್ತಿತ್ತು, ಬೈಯುತ್ತಿದ್ದ. ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಬಳಿಯ ನಿಪ್ಪಲು ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಟ್ಟು ಬಿಗಿಯಬೇಕು. ಬಿಗಿಯುವ ಮುಂಚೆ ಮೇಲಿನವರು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಆದ್ದರಿಂದ ಕೆಳಗಿನವರು ಕೂಗಿ ಹೇಳುತ್ತಿರಬೇಕು, ಮೇಲಿನವರಿಗೆ ಅದು ಕೇಳಿಸುತ್ತಿರಬೇಕು.

ಓರಗಿತ್ತಿ ಅವನ ಸೀಟಿನಲ್ಲಿ ಕೂತಳು. ಅವನು ಎಡ ಚಕ್ರದ ಬಳಿ ನೆಲದ ಮೇಲೆ ಮಲಗಿದ್ದ. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು.

"ಒತ್ತು" ಎಂದು ಗೊಣಗಿದ.

ಅವಳು ಮುಂದೆ ನೋಡುತ್ತ ಕೂತಿದ್ದಳು.

"ಒತ್ತೇ ಅಂದೆ!"

"ಆ ಕಡೆಯಿಂದ ನನಗೆ ಕೇಳಿಸಲ್ಲ" ಎಂದಳು ಅವಳು, ಕತ್ತು ತಿರುಗಿಸದೆ. ಗಾಡಿಯಡಿಯ ಅವನ ಮುಖವೂ ಅವಳಿಗೆ ಕಾಣುತ್ತಿರಲಿಲ್ಲ. ಅವನು ಏನೋ ಹೇಳಿದನೆಂದು ಮಾತ್ರ ಊಹಿಸಿದ್ದಳು. "ಯಾಕೆ ಅಂತ ನಿನಗೆ ಗೊತ್ತಲ್ಲ. ಏನು ಹೇಳೋದಿದ್ರೂ ಈ ಕಡೆ ಬಂದು ಹೇಳು."

ಕಾಲೆರಡೂ ಅಲುಗದೆ ನಿಂತವು. ಹೆಂಗಸರು ಬುತ್ತಿಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಆಮೇಲೆ ಅವನು ಗಾಡಿಯಡಿಯಲ್ಲೇ ಬೆನ್ನ ಮೇಲೆ ತೆವಳುತ್ತ ಬಲಗಡೆಗೆ ಬಂದು ತಲೆ ಹೊರಗೆ ಹಾಕಿದ. ಮುಖದ ತುಂಬ ಕರಿ. ಅವಳ ಬಲಗಿವಿಯ ಕೆಳಗಿನಿಂದ, ಬೈಗುಳ ಸೇರಿಸದೆ, ಹೇಳಿದ: "ಒತ್ತಿ ಹಿಡ್ಕೋ. ನಾನು ಆ ಕಡೆ ಹೋಗಿ ಬಿಚ್ಚಿ, ಬಿಗಿದು ಮತ್ತೆ ಇಲ್ಲಿಗೇ ಬಂದು ಹೇಳ್ತೀನಿ. ಅಲ್ಲೀತನಕ ಬಿಡಬೇಡ."

"ಹೂಂ" ಎಂದು ಅವಳು ಒತ್ತಿದಳು.

ಅವನು ತೆವಳಿಕೊಂಡು ಆ ಕಡೆಗೆ ಹೋದ, ಮತ್ತೆ ತೆವಳಿಕೊಂಡು ಈ ಕಡೆಗೆ ಬಂದ. ಗಾಳಿಯೆಲ್ಲ ಹೋಗುವಷ್ಟರಲ್ಲಿ ಹಾಗೆ ಎಷ್ಟು ಸಲ ಹೋಗಿ ಬಂದನೋ, ನಾನು ಎಣಿಸಲಿಲ್ಲ. ಆವತ್ತು ಲಾಂಡ್ರಿಯಲ್ಲಿ ಎಲ್ಲರಿಗೂ ತಡವಾಗಿದ್ದಕ್ಕೆ ಬೈಗುಳ ಬಿತ್ತು.